ಗಿಡ ಇರೂತನಕ

ಗುಡ್ಡದ ಮನೆ, ಲಕ್ಕಲಕಟ್ಟಿ
ತಾ. ೨೨-೨-೧೯೫೪

ಚಿರಂಜೀವಿ ತಮ್ಮ ಪ್ರಭುಲಿಂಗಪ್ಪನಿಗೆ ನಿನ್ನಕ್ಕ ಸಿದ್ದಲಿಂಗವ್ವನ ಆಶೀರ್ವಾದ. ಇಲ್ಲಿ ನಾವು ಉಂಡುಟ್ಟುಕೊಂಡು ಇದ್ದೇವೆ. ಹುಬ್ಬಳ್ಳಿಯಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಚಲೋ ಇದ್ದೀರೆಂದು ತಿಳಿದಿದ್ದೇನೆ.

ನಿನ್ನ ಪತ್ರ ಸಂಕ್ರಮಣದ ಹೊತ್ತಿಗೇ ಬಂದಿತ್ತು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಜಾಲಿಯ ಟೊಂಗೆ ಎಳೆದೆಳೆದು ಬಲಗೈ ಬಾತುಕೊಂಡಿತ್ತು. ರೊಟ್ಟಿ ಬಡಿಯಲಿಕ್ಕೇ ಆಗದ ಕೈಯಲ್ಲಿ ಬರೆಯುವ ಟಾಕು ಹೇಗೆ ಹಿಡಿಯಲಿ? ನೀನು ಸಾಲಿಗೆ ಹೋಗುತ್ತಿದ್ದಾಗ ನಿನ್ನ ಪಾಟಿಯ ಮೇಲೆ ತಿದ್ದಿ ಕಲಿತ ಅಕ್ಷರ ನನ್ನವು. ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಕಾರ್ಡು ಬರೆದರೆ ನಿನಗಿಂತ ಮೊದಲು ಊರೆಲ್ಲ ಓದುತ್ತದೆಂದು ಪಾಕೀಟು ತರಿಸಿದೆ.

ಗುಡ್ಡ ಬೋಳಾಗುತ್ತಿದೆ ತಮ್ಮಾ. ಅಣ್ಣನ ಮಗ ಈಶಪ್ಪ ಇಳಿಜಾರನ್ನೆಲ್ಲ ಕಡಿಸಿ, ಒಡ್ಡು ಹಾಕಿಸಿ, ಮಳೆ ಬೀಳುತ್ತಲೇ ಶೇಂಗಾ ಬಿತ್ತುವವನಿದ್ದಾನೆ. ಮೊದಲು ಜಾಲಿ, ಕಂಟಿ ಹೋದವು. ಅದಕ್ಕೆ ನನ್ನ ತಕರಾರಿಲ್ಲ. ಮುಳ್ಳನ್ನೆಲ್ಲ ಎಳೆದು ಬೇಲಿಗೆ ಒಟ್ಟಿದವಳು ನಾನೇ. ಆಮೇಲೆ ಕೊಡಲಿ ಹುಣಸೆಗಿಡಗಳಿಗೆ ಬಂತು. ಈಗ ಮನೆಯ ಹಿಂದಿನದು ಒಂದೇ ಉಳಿದಿದೆ.

ಅಪ್ಪನ ಮಾತು ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನನ್ನ ಗಂಡ ತೀರಿಕೊಂಡು ನಾನು ಅಬ್ಬಿಗೇರಿಯಿಂದ ತವರಿಗೆ ಬಂದಾಗ, ಅಪ್ಪ ಹಿರಿಯರನ್ನು ಕರೆಸಿ ಆ ಗಿಡಗಳ ಬುಡಕ್ಕೆ ಒಂದೊಂದು ತಂಬಿಗೆ ನೀರು ಹಾಕಿ ಹೇಳಿದ: "ನೆಲ ಗಂಡಮಕ್ಕಳ್ದು. ಹಣ್ಣ ಸಿದ್ದಲಿಂಗವ್ವಂದು. ಗಿಡ ಇರೂತನಕ." ತವರಿಗೆ ಮರಳಿ ಬಂದ ಹೆಣ್ಣುಮಕ್ಕಳಿಗೆ ಹೀಗೆ ಗಿಡದ ಹಣ್ಣು ಬಿಟ್ಟುಕೊಡುವುದು ನಮ್ಮ ಕಡೆ ಹೊಸದೇನಲ್ಲ. ಮನುಷ್ಯನಿಗಿಂತ ಹುಣಸೆಗೆ ಆಯುಷ್ಯ ದೊಡ್ಡದು, ಮಗಳು ಸಾಯುವವರೆಗೆ ಚಿಂತೆಯಿಲ್ಲ ಎಂದುಕೊಂಡ ಅಪ್ಪ. ಕೊಡಲಿಯ ಲೆಕ್ಕ ಅವನೂ ಹಿಡಿಯಲಿಲ್ಲ, ಹಿರಿಯರೂ ಹಿಡಿಯಲಿಲ್ಲ.

ಆ ಹಣ್ಣಿನ ಮೇಲೆ ನಾನು ನನ್ನ ಒಲೆ ಬೇರೆ ಹೂಡಿಕೊಂಡು ಬದುಕಿದ್ದು ನಿನಗೆ ಗೊತ್ತು. ನಸುಕಿನಲ್ಲಿ ಇಳಿದು ಬಾವಿಯ ನೀರು ತರುವುದು, ಸಗಣಿ ಬಳಿದು ಕುಳ್ಳು ತಟ್ಟುವುದು, ಆಡು ಬಿಡುವುದು, ಬಿಸಿಲೇರಿದ ಮೇಲೆ ಹಣ್ಣು ಕುಟ್ಟಿ ಬೀಜ ತೆಗೆಯುವುದು. ಗಜೇಂದ್ರಗಡದ ಸಂತೆಗೆ ಒಯ್ಯುವ ಬಾನುಬಿ ವರ್ಷವರ್ಷ ಬಂದು ನನ್ನ ಜೋಡಿ ಕೂತು ಕುಟ್ಟುತ್ತಾಳೆ. ಅದರಿಂದ ಜೋಳ, ಎಣ್ಣೆ, ಒಂದು ಸೀರೆ. ಯಾರ ಮನೆಯ ಊಟದ ಗಂಗಾಳದ ಮುಂದೂ ನಾನು ಕೈ ತೊಳೆದುಕೊಂಡು ಕಾದವಳಲ್ಲ.

ಈಶಪ್ಪನನ್ನು ಕೇಳಿದೆ. ಹುಣಸೆಯ ನೆರಳಿಗೆ ಶೇಂಗಾ ಏಳುವುದಿಲ್ಲ, ಕಟ್ಟಿಗೆಯನ್ನು ಗಾಣದವರು ಒಯ್ಯುತ್ತಾರೆ, ನಿನಗೇನು ಕಡಿಮೆ ಮಾಡುತ್ತೇನೆ ಅಂದ. ಮುಖ ನೋಡಿ ಅನ್ನಲಿಲ್ಲ, ಎತ್ತಿನ ಕೊರಳು ತುರಿಸುತ್ತ ಅಂದ. ಅವನ ಹೆಂಡತಿ ಮಾನವ್ವ ಒಳಗಿನಿಂದಲೇ, "ಹೌದ್ರಿ ಅತ್ತಿ, ಇನ್ನ ಬಡಿಯೂದು ಬ್ಯಾಡ, ಆರಿಸೂದು ಬ್ಯಾಡ. ನಾ ಹಾಕಿದ್ದ ಉಂಡು ಕುಂತಬಿಡ್ರಿ" ಅಂದಳು. ಮಾತಿಗೆ ಬೆಲ್ಲ ಸವರಿದ್ದಳು. ನನ್ನ ಗಂಟಲಲ್ಲಿ ಅದು ಇನ್ನೂ ಇಳಿದಿಲ್ಲ.

ಕಡಿಯುವವನು ಮೆಹಬೂಬಸುಭಾನಿ, ಒಳ್ಳೆಯ ಮನುಷ್ಯ. ಅವನಿಗೂ ಅವನ ಆಳುಗಳಿಗೂ ಅಡಿಗೆ ನನ್ನದೇ, ಮಾನವ್ವನಿಗೆ ಸೊಂಟನೋವಂತೆ. ನನ್ನ ಗಿಡದ ಟೊಂಗೆಯನ್ನೇ ಒಲೆಗೆ ಇಟ್ಟು, ನನ್ನ ಗಿಡ ಕಡಿದವರಿಗೆ ರೊಟ್ಟಿ ಬಡಿದೆ. ಹಸಿ ಕಟ್ಟಿಗೆ, ಹೊಗೆ ಬಹಳ. ಕಣ್ಣೀರು ಯಾತರದೆಂದು ಯಾರೂ ಕೇಳಲಿಲ್ಲ. ಹಿತ್ತಲ ಗಿಡದ ಕಾಯಿ ತಡವಾಗಿ ಹಣ್ಣಾಗುತ್ತದಲ್ಲ, ಅದಕ್ಕೆ ಅವನು ಕೊಡಲಿ ಎತ್ತಲಿಲ್ಲ. "ಕಾಯಿ ಹೊತ್ತ ಗಿಡಕ್ಕ ನಾ ಏಟ ಹಾಕಂಗಿಲ್ರಿ ಈಶಪ್ಪಾರ, ಹಣ್ಣ ಇಳೀಲಿ" ಅಂದುಬಿಟ್ಟ. ಹೀಗಾಗಿ ಅದು ನಿಂತಿದೆ. ಹಣ್ಣು ಬೇಗ ಬಲಿಯದಿರಲೆಂದು ಬೇಡಿಕೊಳ್ಳುವ ಹೊತ್ತು ಬಂತು ನನಗೆ.

ನೆಲದಲ್ಲಿ ಅರ್ಧ ನಿನ್ನದು. ನೀನು ಒಲ್ಲೆನೆಂದರೆ ಈಶಪ್ಪ ಮುಟ್ಟುವುದಿಲ್ಲ. "ನಿನ್ನ ಕಾಕಾ ಬಂದ ಕೇಳಿದ್ರ ನೋಡು" ಎಂದು ನಾಲ್ಕು ಮಂದಿಯ ಎದುರು ಅವನಿಗೆ ಹೇಳಿದ್ದೇನೆ. ಅವನು ನಕ್ಕ. ನೀನು ಶಿವರಾತ್ರಿಗೆ ಬಾ. ಜಗಳ ಬೇಡ, ಗಿಡದ ಕೆಳಗೆ ನಿಂತು "ಇದೊಂದು ಇರಲಿ" ಅನ್ನು, ಅಷ್ಟೇ ಸಾಕು. ಒಂದು ಗಿಡದ ಹಣ್ಣಿನ ಮೇಲೆ ನನ್ನ ಒಲೆ ಹೇಗಾದರೂ ಹೊತ್ತುತ್ತದೆ. ಬರುವಾಗ ಏನೂ ತರಬೇಡ. ಮಕ್ಕಳಿಗೆ ಕೆಮ್ಮಿದ್ದರೆ ಜೀರಿಗೆ ಹುರಿದು ಬೆಲ್ಲದಲ್ಲಿ ಕುಟ್ಟಿ ಕೊಡಲು ಹೇಳು. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ನಿನ್ನ ದಾರಿ ಕಾಯುವ ಅಕ್ಕ,
ಸಿದ್ದಲಿಂಗವ್ವ

ತಾ. ಕ. — ಬರೆದಿಟ್ಟು ಎರಡು ದಿನವಾಯಿತು, ಇವತ್ತು ಪಾಕೀಟು ಅಂಟಿಸಿ ಬಾನುಬಿಯ ಕೈಗೆ ಕೊಡುವವಳಿದ್ದೆ. ಅಷ್ಟರಲ್ಲಿ ಮೆಹಬೂಬಸುಭಾನಿ ಬಂದ. ಈಶಪ್ಪ ನಿನ್ನೆ ಆಳು ಹಚ್ಚಿ ಹಿತ್ತಲ ಗಿಡ ಬಡಿಸಿದ್ದಾನೆ, ದೋರೆಗಾಯಿಯೂ ಕೆಳಗೆ ಬಿತ್ತು. ನನ್ನ ತಮ್ಮನ ಉತ್ತರ ಬರುವತನಕ ತಡಿ ಎಂದು ಅವನ ಕೊಡಲಿಯ ಕಾವು ಹಿಡಿದುಕೊಂಡೆ. ಅವನು ಕೆಳಗೆ ನೋಡುತ್ತ ಅಂದ: "ಅಕ್ಕಾರ, ಪ್ರಭುಲಿಂಗಪ್ಪನೋರು ಹೋದ ಸಂತಿಗೆ ಗಜೇಂದ್ರಗಡಕ್ಕ ಬಂದಿದ್ರು. ಬಸ್‌ಸ್ಟ್ಯಾಂಡಿನ್ಯಾಗ ಈಶಪ್ಪನೋರ ಜೋಡಿ ಚಾ ಕುಡದು, ನನ್ನ ಕರದು, ಎಲ್ಲಾನೂ ಕಡೀರಿ, ಅಕ್ಕಗ ವಯಸ್ಸಾತು, ಇನ್ನ ಎಷ್ಟ ದಿನ ಗಿಡ ಬಡೀತಾಳ ಅಂದ್ರು. ನಾ ಬಂದಿದ್ದ ಅಕಿಗೆ ಹೇಳಬ್ಯಾಡ್ರಿ ಅಂತನೂ ಅಂದ್ರು. ಇವತ್ತ ನನ್ನ ಬಾಯಿ ತಡೀಲಿಲ್ಲ."

ಕಾವು ಬಿಟ್ಟೆ. ಆ ದಿನ ನಾನೂ ಬಾನುಬಿಯ ಜೋಡಿ ಸಂತೆಯಲ್ಲೇ ಕೂತಿದ್ದೆ ತಮ್ಮಾ, ನಾಲ್ಕು ಹೆಜ್ಜೆ ಆಚೆಗೆ. ಬಂದು ನನ್ನ ಮುಖಕ್ಕೇ ಹೇಳಿದ್ದರೆ ನಿನಗೆ ಒಲ್ಲೆನೆನ್ನುವ ಬಾಯಿ ನನಗಿರಲಿಲ್ಲ. ಇಷ್ಟು ದಿನ ಈಶಪ್ಪನ ಮೇಲೆ ಸಿಟ್ಟು ಇಟ್ಟುಕೊಂಡು ಗಟ್ಟಿಯಾಗಿದ್ದೆ. ಆ ಸಿಟ್ಟಾದರೂ ಉಳಿಯಬಾರದಿತ್ತೇ?

ಮೇಲೆ ಬರೆದದ್ದನ್ನು ಹರಿದು ಒಗೆಯಬೇಕೆಂದಿದ್ದೆ, ಒಗೆಯಲಿಲ್ಲ. ನಿನ್ನನ್ನು ಎಂಥವನೆಂದು ನಂಬಿದ್ದೆನೋ ಅದನ್ನು ನೀನೂ ಒಮ್ಮೆ ಓದು. ಶಿವರಾತ್ರಿಗೆ ಬರಬೇಡ. ಗಿಡ ಮಧ್ಯಾಹ್ನಕ್ಕೆ ಬಿತ್ತು. ನಾನು ಒಲೆ ಹೊತ್ತಿಸಲಿಲ್ಲ. ಸಂಜೆ ಮಾನವ್ವ ಕರೆದಳು. ಹೋಗಿ, ಕೈ ತೊಳೆದುಕೊಂಡು, ಕೂತೆ.