ಬೀಗ ಬಿದ್ದ ಫೋಲ್ಡರ್

ಮಾರ್ಚ್ ೪, ಸೋಮವಾರ

ಮತ್ತೆ ಅದೇ. ಇನ್‌ಸ್ಟಾಲ್ ಬಾರ್ ಮುಕ್ಕಾಲು ತುಂಬುತ್ತದೆ, ನಿಲ್ಲುತ್ತದೆ — ‘ಫೋಲ್ಡರಿನಲ್ಲಿ ಬರೆಯಲು ಅನುಮತಿಯಿಲ್ಲ’. ರೀಸ್ಟಾರ್ಟ್ ಮಾಡಿದೆ. ಆಂಟಿವೈರಸ್ ಆಫ್ ಮಾಡಿದೆ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟೆ. ಕೋಣನ ಮುಂದೆ ಕಿನ್ನರಿ.

ದೂರು ವಿಭಾಗದ ಅಕ್ಕ ಪಕ್ಕದಲ್ಲೇ ಕೂತಿದ್ದರು. ಅವರ ಕಣ್ಣು ಮಂಜಾಗುತ್ತಿದೆ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಅಂದರಂತೆ ಡಾಕ್ಟರ್. ಪರದೆಯಲ್ಲಿ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಈ ಸಾಫ್ಟ್‌ವೇರ್ ಶುಕ್ರವಾರದೊಳಗೆ ನಡೆಯದಿದ್ದರೆ ಅವರ ಕುರ್ಚಿ ಬೇರೆಯವರಿಗೆ. ಮ್ಯಾನೇಜರ್ ಮಾತು.

“ನನ್ನ ಕಣ್ಣಿಗಿಂತ ನಿಮ್ಮ ಕಂಪ್ಯೂಟರೇ ಹಠಮಾರಿ ಬಿಡಿ,” ಅಂದರು ಅಕ್ಕ. ನಗಲಾಗಲಿಲ್ಲ.

ಮಾರ್ಚ್ ೫

ಹೊಸದಾಗಿ ಡೌನ್‌ಲೋಡ್. ಅದೇ ರಾಗ, ಅದೇ ಹಾಡು.

ಮ್ಯಾನೇಜರ್: “ಆಗುತ್ತೋ ಇಲ್ವೋ, ಒಂದೇ ಮಾತು ಹೇಳಿ.”

“ಆಗುತ್ತೆ ಸರ್.” ಯಾವ ಧೈರ್ಯದಲ್ಲಿ ಹೇಳಿದೆನೋ!

ಮಾರ್ಚ್ ೭

ಇಷ್ಟು ದಿನ ಇಲ್ಲದ ಜಾಗದಲ್ಲೇ ಹುಡುಕಿದೆ. ಅಕ್ಕನ ‘ಡಾಕ್ಯುಮೆಂಟ್ಸ್’ ಈ ಕಂಪ್ಯೂಟರಿನಲ್ಲೇ ಇಲ್ಲ! ಜಾಡು ಹಿಡಿದರೆ ಸರ್ವರ್. ಅಲ್ಲಿ ಅದು ಹೋಗಿ ನಿಲ್ಲುವುದು, ಮೊದಲು ಈ ಕುರ್ಚಿಯಲ್ಲಿದ್ದ ಹಿರಿಯರ ಫೋಲ್ಡರಿನಲ್ಲಿ. ಹೋದ ವರ್ಷ ತೀರಿಕೊಂಡರು. ಫೋಲ್ಡರ್ ರೀಡ್-ಓನ್ಲಿ — ಓದಬಹುದು, ಒಂದಕ್ಷರ ಬರೆಯುವಂತಿಲ್ಲ. ಸಾಫ್ಟ್‌ವೇರ್ ತನ್ನ ಸೆಟ್ಟಿಂಗ್ಸ್ ಇಡಲು ಹೋಗಿ ಅಲ್ಲೇ ಮುಗ್ಗರಿಸುತ್ತಿತ್ತು.

“ಅಲ್ಲಿ ಸೇವ್ ಆಗ್ತಿರ್ಲಿಲ್ಲ. ನನ್ನ ಕಣ್ಣಿನ ತಪ್ಪೇನೋ ಅಂತ ಡೆಸ್ಕ್‌ಟಾಪ್‌ನಲ್ಲೇ ಇಟ್ಕೋತಿದ್ದೆ,” ಅಂದರು ಅಕ್ಕ.

ಬೀಗ ಹಾಕಿದ್ದು ಸರ್ವರ್ ಮಾವ — ಸರ್ವರ್ ರೂಮ್ ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು. ತೆಗೆಯುವುದಿಲ್ಲ ಎಂದು ಕೈಕಟ್ಟಿ ಕೂತರು. “ಅವನೂ ನಾನೂ ಸರ್ವೀಸ್ ಪೂರ್ತಿ ಒಂದೇ ಟೇಬಲ್‌ನಲ್ಲಿ ಊಟ ಮಾಡಿದೀವಿ. ಅವನು ಬರೆದಿದ್ದನ್ನ ಯಾರಾದ್ರೂ ಅಳಿಸಿಬಿಟ್ರೆ?”

“ತೆಗೀಬೇಡಿ ಮಾವ. ಅಕ್ಕನಿಗೆ ಬೇರೆ ಫೋಲ್ಡರ್ ಕೊಡಿ. ಡಾಕ್ಯುಮೆಂಟ್ಸ್ ದಾರಿ ನಾನು ಅಲ್ಲಿಗೆ ತಿರುಗಿಸ್ತೀನಿ.”

ಮಾವ ಕಟ್ಟಿದ ಕೈ ಬಿಚ್ಚಿ ಕೀಬೋರ್ಡ್ ಎಳೆದುಕೊಂಡರು.

ಮಾರ್ಚ್ ೮, ಶುಕ್ರವಾರ

ಬಾರ್ ತುಂಬಿತು. ಪೂರ್ತಿ! ಮ್ಯಾನೇಜರ್ ಎದುರಿಗೇ ಕಂಪ್ಯೂಟರ್ ಒಂದು ದೂರು ಓದಿತು. ಅಕ್ಕ ಕಣ್ಣುಮುಚ್ಚಿ ಕೇಳಿ, ಉತ್ತರ ಟೈಪ್ ಮಾಡಿ ಕಳಿಸಿದರು. “ಸರಿ, ಇಲ್ಲೇ ಇರಿ,” ಅಂದು ಮ್ಯಾನೇಜರ್ ಹೋದರು. ಅಕ್ಕ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ನನಗೂ ಅಳು ಬಂತು.

ಸಂಜೆ

ಸರ್ವರ್ ಮಾವ ಅಕ್ಕನ ಕೋಣೆಯ ಬಾಗಿಲಲ್ಲಿ. ಗಟ್ಟಿಯಾಗಿ ಓದುತ್ತಿದ್ದ ಕಂಪ್ಯೂಟರಿನ ಮೇಲೇ ಕಣ್ಣು. ಅಕ್ಕನೇ ಕೇಳಿದರು: “ನಿಮ್ಮ ಸ್ನೇಹಿತರು ಬರೆದಿದ್ದು ಒಂದು ಓದಿಸ್ಲಾ? ಓದೋಕೇನು ಬೀಗ ಇಲ್ವಲ್ಲ.”

“ಬೇಡಮ್ಮ... ಸುಮ್ನೆ ಯಾಕೆ.” ಅಂದವರು ಕುರ್ಚಿ ಎಳೆದು ಕೂತರು.

ಕಂಪ್ಯೂಟರ್ ಓದತೊಡಗಿತು — ಯಾವುದೋ ಹಳೆಯ ದೂರಿಗೆ ಅವರು ಕೊಟ್ಟ ಉತ್ತರ. ‘ಮಾನ್ಯರೇ, ತಮಗಾದ ತೊಂದರೆ ನನಗೆ ಅರ್ಥವಾಗುತ್ತದೆ...’

“ಹೀಗೇ ಶುರು ಮಾಡ್ತಿದ್ದ. ಯಾವಾಗ್ಲೂ.” ಮಾವ ಕಣ್ಣೊರೆಸಿಕೊಂಡರು. ಮೆಲ್ಲಗೆ ನನ್ನ ಟೇಬಲಿಗೆ ಬಂದುಬಿಟ್ಟೆ.

ಇನ್ನೊಂದು ಫೈಲ್ ಓದಿಸುತ್ತಿದ್ದಾರೆ. ಇಲ್ಲಿಗೂ ಕೇಳಿಸುತ್ತಿದೆ. ಮಾವ ನಗುತ್ತಿದ್ದಾರೆ! ತಡಿ, ನಾನೂ ಹೋಗಿ—