ಲೈಟ್ ಆರಿಸಿದ ವಿಡಿಯೋ

ಸೆಪ್ಟೆಂಬರ್ 9, ಸಂಜೆ

ಸಾರಿ. ಯಾರಿಗೆ ಅಂತ ಗೊತ್ತಿಲ್ಲ. ಅಸೈನ್‌ಮೆಂಟ್ ಬರೆಯಬೇಕಾದ ಹೊತ್ತಿನಲ್ಲಿ ಇದನ್ನು ಗೀಚುತ್ತಿದ್ದೇನೆ.

ಪಾಡ್‌ಕಾಸ್ಟ್ ವಿಷಯ. ಕಾಲೇಜಿನ ಮೀಡಿಯಾ ಕ್ಲಬ್‌ನಲ್ಲಿ ಫಸ್ಟ್ ಇಯರ್‌ನವರಿಗೆ ಒಂದೇ ಎಪಿಸೋಡ್. ನನಗೆ ಸಿಕ್ಕಿದೆ. ಆಡಿಯೋ ಮಾಡುತ್ತೇನೆ ಅಂದೆ. ಕ್ಲಬ್ ನಡೆಸುವ ಸೀನಿಯರ್ — ಬೆನ್ನ ಹಿಂದೆ ಎಲ್ಲರೂ ‘ರಿಂಗ್‌ಲೈಟ್ ಅಕ್ಕ’ ಅನ್ನುತ್ತೇವೆ — ನಕ್ಕರು.

“ಮುಖ ಕಾಣ್ದೆ ಯಾರೇ ಕೇಳ್ತಾರೆ? ನಿಮ್ಮಜ್ಜಿ ಕಾಲದ ರೇಡಿಯೋನಾ ಇದು? ವಿಡಿಯೋ ಮಾಡು. ಇಲ್ಲಾಂದ್ರೆ ಸ್ಲಾಟ್ ಬೇರೆಯವ್ರಿಗೆ.”

“ಸರಿ ಅಕ್ಕಾ” ಅಂದುಬಿಟ್ಟೆ. ನನ್ನ ಬಾಯಿಗೆ ಬರುವುದೇ ಅದೊಂದು.

ಸೆಪ್ಟೆಂಬರ್ 11

ಗೆಸ್ಟ್ ನನ್ನ ರೂಮ್‌ಮೇಟ್, ಗುಬ್ಬಿ. ಹೋದ ವಾರ ಕರೆಂಟ್ ಹೋದಾಗ ಹೇಳಿದ್ದಳು — ಮೊದಲ ತಿಂಗಳು ಪೂರ್ತಿ ಟಾಯ್ಲೆಟ್‌ನಲ್ಲಿ ಚಿಲಕ ಹಾಕಿಕೊಂಡು ಊಟ ಮಾಡಿದ್ದು. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತರೆ ಎಲ್ಲರೂ ನೋಡುತ್ತಾರೆ ಅಂತ. “ಇದನ್ನೇ ಹೇಳೋಣ ಕಣೇ. ಇನ್ನೂ ಎಷ್ಟು ಜನ ಒಳಗೆ ಕೂತಿದಾರೋ” ಅಂದವಳೂ ಅವಳೇ.

ಇವತ್ತು ಶೂಟ್. ಅಕ್ಕನ ಆ ದುಂಡನೆಯ ರಿಂಗ್‌ಲೈಟ್ ಮುಖಕ್ಕೆ ಹೊಡೆಯಿತು. ಗುಬ್ಬಿ ಬೆನ್ನು ನೆಟ್ಟಗೆ ಮಾಡಿಕೊಂಡು, “ಕಾಲೇಜ್ ಲೈಫ್ ಈಸ್ ಸೋ ಅಮೇಜಿಂಗ್” ಅಂದಳು. ಚಿಲಕದ ಮಾತು ಬರಲೇ ಇಲ್ಲ. ಕ್ಯಾಮೆರಾ ಆಫ್ ಆದ ಮೇಲೆ ಅತ್ತಳು.

ರಿಂಗ್‌ಲೈಟ್ ಅಕ್ಕ: “ಸೂಪರ್! ಎಷ್ಟು ಪಾಸಿಟಿವ್!”

ಸೂಪರ್ ಅಂತೆ...

ಸೆಪ್ಟೆಂಬರ್ 14

ಆ ಫೈಲ್ ಡಿಲೀಟ್ ಮಾಡಿದೆ. ಗುಬ್ಬಿಯನ್ನು ಕೇಳಿಯೇ.

ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿದ್ದವಳು ನಾನು. ವಾರ್ಡನ್ ಲೈಟ್ ಆರಿಸಿದ ಮೇಲೆಯೇ ನಮ್ಮ ನಿಜವಾದ ಮಾತು ಶುರು. ಬೆಳಗ್ಗೆ ಅದನ್ನು ಯಾರೂ ಎತ್ತುತ್ತಿರಲಿಲ್ಲ. ಅದು ರೂಲ್.

ಮಧ್ಯಾಹ್ನ ಕಿಟಕಿಗೆ ಬೆಡ್‌ಶೀಟ್ ಕಟ್ಟಿದೆ. ಬಾಗಿಲ ಸಂದಿಗೆ ಟವೆಲ್. ಕಗ್ಗತ್ತಲು. ಕ್ಯಾಮೆರಾ ಆನ್.

“ಏನೇ ಇದು, ದೆವ್ವ ಕರೀತೀಯಾ?”

“ಬಾಯ್ಮುಚ್ಕೊಂಡು ಮಾತಾಡೇ.”

“ಎರಡೂ ಒಟ್ಟಿಗೆ ಹೇಗೇ ಮಾಡ್ಲಿ?”

ನಕ್ಕಳು. ಆಮೇಲೆ ಹೇಳಿದಳು. ಚಿಲಕ. ಮಡಿಲ ಮೇಲೆ ಡಬ್ಬಿ. ಹೊರಗೆ ಹೆಜ್ಜೆ ಕೇಳಿದರೆ ಅಗಿಯುವುದನ್ನು ನಿಲ್ಲಿಸುತ್ತಿದ್ದದ್ದು... ನಾನು ಕೇಳಿದೆ: “ನಿಂದು ಯಾವ ಫ್ಲೋರು? ನಂದು ಸೆಕೆಂಡು.”

“ನೀನೂನಾ?” ಅಂದಳು ಗುಬ್ಬಿ. ಅದನ್ನೂ ಕಟ್ ಮಾಡಿಲ್ಲ.

ಸೆಪ್ಟೆಂಬರ್ 15

ಫೈಲ್ ಕಳಿಸಿದೆ. ಸಂಜೆ ಅಕ್ಕನ ಫೋನ್.

“ಏನೇ ಇದು? ವಿಡಿಯೋ ಕೇಳಿದ್ರೆ ಕಪ್ಪು ಪರದೆ ಕಳ್ಸಿದೀಯಾ!”

“ವಿಡಿಯೋನೇ ಅಕ್ಕಾ. ಲೈಟ್ ಆರ್ಸಿದ್ದು.”

“ತಲೆ ಕೆಟ್ಟಿದ್ಯಾ? ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದ್ರೆ ಕೊನೇವರೆಗೂ ಕಪ್ಪೇ!”

“ಕೊನೇವರೆಗೂ ಕೇಳಿದ್ರಾ?”

“...ಯೋಚ್ನೆ ಮಾಡ್ಬೇಕು” ಅಂದು ಇಟ್ಟರು.

ಸೆಪ್ಟೆಂಬರ್ 17, ಮಧ್ಯಾಹ್ನ

ಯೋಚನೆ ಇನ್ನೂ ಮುಗಿದಿಲ್ಲ. ಇಂಥ ಹೊತ್ತಿನಲ್ಲಿ ‘ಸರಿ ಅಕ್ಕಾ, ನಿಮ್ಮಿಷ್ಟ’ ಅನ್ನುವವಳು ನಾನು. ಇವತ್ತು ಅನ್ನಲಿಲ್ಲ. ಕಳಿಸಿದ ಮೆಸೇಜ್ ಇಲ್ಲೂ ಬರೆದಿಡುತ್ತೇನೆ, ಆಮೇಲೆ ನನಗೇ ನಂಬಿಕೆ ಬರಲಿಕ್ಕಿಲ್ಲ —

ಅಕ್ಕಾ, ಮುಖ ಸೇರಿಸಲ್ಲ. ಫೋಟೋನೂ ಕೊಡಲ್ಲ. ಹೀಗೇ ಹಾಕೋದಾದ್ರೆ ಹಾಕಿ. ಇಲ್ಲಾಂದ್ರೆ ಸ್ಲಾಟ್ ಬೇಡ, ನಾವೇ ಹಾಕ್ಕೋತೀವಿ. ನಾನೂ ಗುಬ್ಬಿನೂ ಕ್ಯಾಂಟೀನಲ್ಲಿದೀವಿ. ನಡು ಟೇಬಲ್. ಎಲ್ರೂ ನೋಡ್ತಿದಾರೆ, ನೋಡ್ಲಿ. ಊಟ ಮುಗಿಯೋವರೆಗೂ ಇರ್ತೀವಿ. ಬೇಗ ರಿಪ್ಲೈ ಮಾಡಿ