ಸಾಲಿನಲ್ಲಿ ನಿಮ್ಮ ಸ್ಥಾನ 41,006

ಮೊಳಕಾಲ್ಮೂರು
ಫೆಬ್ರವರಿ 30, 2191

ತಿಪ್ಪೇಸ್ವಾಮಿ ತಾತನವರಿಗೆ,

ನಾನು ನಿಮ್ಮ ಏಳನೇ ತಲೆಮಾರಿನ ಮೊಮ್ಮಗಳು, ಪಾಪಕ್ಕ. ತಾರೀಕು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಲೈವ್ ಸರ್ವಿಸ್ ಎನ್ನುತ್ತಿದ್ದ ಆಟಗಳನ್ನು ನಾವು ಅಪ್ಪಣೆಯಾಟ ಎನ್ನುತ್ತೇವೆ. ಕೊಂಡು ತಂದಿದ್ದರೂ, ಒಬ್ಬರೇ ಕೂತು ಆಡಿದರೂ, ಪ್ರತಿ ಸಲ ದೂರದ ಸರ್ವರ್ ಅಪ್ಪಣೆ ಕೊಡಬೇಕು. ಆಟಕ್ಕೆ ಕೊನೆಯೆಂಬುದಿಲ್ಲ. ಮೂರು ತಿಂಗಳಿಗೊಮ್ಮೆ ಸೀಸನ್ ಬದಲಾಗಿ ಹೊಸ ನಕ್ಷೆ, ಹೊಸ ವೇಷ ಬರುತ್ತವೆ, ಹಳೆಯದನ್ನೆಲ್ಲ ಗುಡಿಸಿ ಹಾಕುತ್ತಾರೆ. ಆಡಿದ್ದರ ದಾಖಲೆ ಅವರ ಹತ್ತಿರವೇ, ನಮ್ಮ ಮನೆಯಲ್ಲಿ ಒಂದು ಚೂರೂ ಉಳಿಯುವುದಿಲ್ಲ. ನಮಗೆ ಇದು ಹಲ್ಲುಜ್ಜುವಷ್ಟು ರೂಢಿ.

ಹೋದ ಮಂಗಳವಾರ ಮಧ್ಯಾಹ್ನ ಯಾರೋ ಕೆರೆಯ ತೂಬು ಎತ್ತಿಬಿಟ್ಟರು. ನೀರು ನುಗ್ಗಿ ಕೆಳಗಿನ ಕೇರಿಯಲ್ಲಿ ಇಬ್ಬರು ಸತ್ತರು. ತೂಬಿನ ಕಾವಲು ನನ್ನ ತಮ್ಮ ಓಬಳೇಶನದು. ಕೀಲಿಕೈಯನ್ನು ಅಲ್ಲೇ ಗೂಟಕ್ಕೆ ನೇತುಹಾಕಿ, ಮನೆಗೆ ಬಂದು ಆಡುತ್ತ ಕೂತಿದ್ದೆ ಅನ್ನುತ್ತಾನೆ. ಕತ್ತೆ! ಆದರೆ ಕೊಲೆಗಾರನಲ್ಲ. ನಾಳೆ ಪಂಚಾಯ್ತಿ ಸೇರುತ್ತದೆಂದು ಇವತ್ತು ಬೆಳಿಗ್ಗೆ ನೋಟಿಸ್ ಬಂತು. ಆ ಮಧ್ಯಾಹ್ನದ ಆಟದ ದಾಖಲೆ ತೋರಿಸಿದರೆ ಬಚಾವು. ಇಲ್ಲದಿದ್ದರೆ ಊರಾಚೆ ಹಾಕುತ್ತಾರೆ. ಊರಾಚೆ ಹನಿ ನೀರಿಲ್ಲ ತಾತ, ಅಲ್ಲಿ ವಾರ ಉಳಿದವರಿಲ್ಲ.

ಇವತ್ತೇ ಸಂಜೆ ನಾಲ್ಕಕ್ಕೆ ಸೀಸನ್ ಮುಗಿಯುತ್ತದೆ, ಆ ದಾಖಲೆಯೂ ಅಳಿದುಹೋಗುತ್ತದೆ. ಲೋಕವೆಲ್ಲ ಕೊನೆಯ ಆಟಕ್ಕೆ ನುಗ್ಗುತ್ತಿದೆ. ನೋಟಿಸ್ ಓದಿದವಳೇ ಅವನ ಖಾತೆ ತೆರೆದು ಕೂತೆ. ಸಾಲಿನಲ್ಲಿ ನಿಮ್ಮ ಸ್ಥಾನ 41,006 ಎಂದು ಪರದೆಯ ಮೇಲೆ ಬಂತು. ಸಹಾಯವಾಣಿಯವಳು "ಸ್ವಲ್ಪ ತಾಳ್ಮೆಯಿಂದಿರಿ ಅಮ್ಮ" ಅಂದಳು. ತಾಳ್ಮೆಯಂತೆ ತಾಳ್ಮೆ! ಮೂರು ಗಂಟೆಗೆ ಒಂಬೈನೂರಾಯಿತು, ಮೂರೂ ಮುಕ್ಕಾಲಿಗೆ ಅರವತ್ತು. ಓಬಳೇಶ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಾನೆ. ಪರದೆಯ ಮೇಲೆ ಕಣ್ಣಿಟ್ಟೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ನೀವು ಆಟದ ಷರತ್ತು ಓದದೆ "ಒಪ್ಪಿದ್ದೇನೆ" ಒತ್ತಿದಿರಿ, ನಾವೂ ಒತ್ತಿದೆವು. ನಿಮಗಿನ್ನೂ ಸಮಯವಿದೆ. ಆಟ ಕೊಳ್ಳುವಾಗ ಕೇಳಿ ತಾತ, ಸರ್ವರ್ ಇಲ್ಲದಿದ್ದರೂ ನಡೆಯುತ್ತದಾ, ಆಡಿದ್ದು ನನ್ನ ಹತ್ತಿರ ಉಳಿಯುತ್ತದಾ ಅಂತ. ಉತ್ತರ ಕೊಡದಿದ್ದರೆ ಗಲಾಟೆ ಮಾಡಿ, ಮರ್ಯಾದೆ ನೋಡಬೇಡಿ.

ಹನ್ನೊಂದು. ಏಳು. ಮೂರು.

ನಾಲ್ಕಾಯಿತು. ಪರದೆ ತುಂಬ ಬಣ್ಣ, ಹೊಸ ಸೀಸನ್‌ಗೆ ಸ್ವಾಗತವಂತೆ.

ಓಬಳೇಶ ನನ್ನ ಭುಜ ಹಿಡಿದು, "ಹೋಗ್ಲಿ ಬಿಡಕ್ಕ, ನೀನಾದ್ರೂ ನನ್ನ ನಂಬ್ತೀಯಲ್ಲ" ಅಂದ. ಹೂಂ ಅಂದೆ.

ಮಂಗಳವಾರ ಮಧ್ಯಾಹ್ನ ನಾನು ಮನೆಯಲ್ಲಿರಲಿಲ್ಲ, ಅವನು ಆಡಿದ್ದನ್ನು ಕಂಡವಳಲ್ಲ, ತಾತ.